ಹೆಸರಿಲ್ಲದ ದೊಡ್ಡ ಮೀನು

ಕೇಳುಗರೇ, ವಯನಾಡಿನಲ್ಲಿ ಹುಟ್ಟುವ ಕಬಿನಿ ಹೊಳೆಯಲ್ಲಿ 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಎಂಬುವರ ಗಾಳಕ್ಕೆ ಒಂದು ಮಹಶೀರ್ ಮೀನು ಬಿತ್ತು. ತೂಕ 120 ಪೌಂಡು, ಎಂದರೆ ಒಂದು ಮೂಟೆ ಸಿಮೆಂಟಿಗಿಂತ ಹೆಚ್ಚು. ಕಾವೇರಿ ಸೀಮೆಯ ಈ ದೈತ್ಯನಿಗೆ ಎತ್ತಿನ ಹಿಣಿಲಿನಂತೆ ಬೆನ್ನು ಉಬ್ಬಿರುತ್ತದೆ. ಆದರೆ ವಿಜ್ಞಾನದ ಪುಸ್ತಕದಲ್ಲಿ ಅದಕ್ಕೆ ಸರಿಯಾದ ಹೆಸರೇ ಇರಲಿಲ್ಲ ಎಂದರೆ ನಂಬುವಿರಾ?

ಇದರ ಸುದ್ದಿ ಹೊಸದಲ್ಲ. ಕಾಸರಗೋಡೂ ಸೇರಿದ್ದ ಅಂದಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಕಲೆಕ್ಟರಾಗಿದ್ದ ಎಚ್. ಎಸ್. ಥಾಮಸ್ 1873ರಲ್ಲೇ ಗಾಳದ ಬೇಟೆಯ ಮೇಲೆ ದೊಡ್ಡ ಪುಸ್ತಕ ಬರೆದರು. ಅಲ್ಲಿಂದ ಮುಂದೆ ಬೇಟೆಗಾರರು ಬಂದರು, ಫೋಟೋ ತೆಗೆಸಿಕೊಂಡರು. ಪರೀಕ್ಷೆಗೆ ಬೇಕಾದ ಮಾದರಿಯನ್ನು ಮಾತ್ರ ಯಾರೂ ಜೋಪಾನ ಮಾಡಲಿಲ್ಲ. ಹೆಸರು ಬೇಕಲ್ಲ? 'ಮುಸುಲ್ಲಾ' ಎಂದರು. ಅದು 1839ರಲ್ಲಿ ಸೈಕ್ಸ್ ಎಂಬ ಅಧಿಕಾರಿ ಪುಣೆ ಕಡೆಯ ಘೋಡ್ ನದಿಯ ಬೇರೊಂದು ಮೀನಿಗೆ ಇಟ್ಟ ಹೆಸರು. ಸೊಲ್ಲಾಪುರದ ಕೇಳುಗರಿಗೆ ಗೊತ್ತಿರಬಹುದು, ಘೋಡ್ ಕೂಡುವುದು ನಿಮ್ಮ ಭೀಮೆಯನ್ನು. ಕಾವೇರಿಗೂ ಅದಕ್ಕೂ ಯಾವ ಸಂಬಂಧ?

ರೇಶನ್ ಕಾರ್ಡಿನಲ್ಲಿ ಒಂದು ಹೆಸರು, ಪಹಣಿಯಲ್ಲಿ ಇನ್ನೊಂದು ಇದ್ದರೆ ಏನಾಗುತ್ತದೆಂದು ಗಡಿಯ ನಮಗೆ ಹೇಳಿಕೊಡಬೇಕೆ! ಮೀನಿಗೂ ಅದೇ ಆಯಿತು. ಮಹಶೀರ್ ಎಲ್ಲ ಒಂದೇ ಎಂದುಕೊಂಡು ಲೋಣಾವಳದ ಮರಿಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಕಾವೇರಿಗೆ ಬಿಟ್ಟರು. ಉದ್ದೇಶ ಒಳ್ಳೆಯದೇ. ಆದರೆ ಬಂದವು ಬೆಳೆದವು, ಹಿಣಿಲಿನ ಮೀನು ಕಾಣದಾಯಿತು.

ಕೊನೆಗೆ ಗುಟ್ಟು ಬಿಟ್ಟುಕೊಟ್ಟದ್ದು ಮೋಯಾರ್ ಹೊಳೆ. ತೆಂಗುಮರಹಾಡದ ಬಳಿ ಹರಿಗೋಲಿನಲ್ಲಿ ಅದನ್ನು ದಾಟಿದವರು ನಿಮ್ಮಲ್ಲೂ ಇರಬಹುದು. ಅಲ್ಲಿ ಸಿಕ್ಕ ಹಿಣಿಲಿನ ಮೀನುಗಳ ಅಂಗಾಂಗ ಅಳೆದು, ಡಿಎನ್‌ಎ ತಾಳೆ ನೋಡಿದರು. ಕೇರಳದಿಂದ ಪೂರ್ವಕ್ಕೆ ಹರಿಯುವ ಪಾಂಬಾರ್ ಹೊಳೆಯಲ್ಲಿ ಕೆಲವು ವರ್ಷಗಳ ಹಿಂದೆಯೇ ಕುರುಪ್ ಮತ್ತು ರಾಧಾಕೃಷ್ಣನ್ ಎಳೆಯ ಮೀನುಗಳನ್ನು ನೋಡಿ 'ಟಾರ್ ರೆಮಾದೇವಿಯೈ' ಎಂದು ಹೆಸರಿಟ್ಟಿದ್ದರು. ಅದು ಮೀನುಗಳನ್ನು ಅಭ್ಯಾಸ ಮಾಡಿದ ವಿಜ್ಞಾನಿ ರೆಮಾದೇವಿಯವರ ಗೌರವಾರ್ಥ ಇಟ್ಟ ಹೆಸರು. ಆ ಸಣ್ಣ ಮೀನೂ ಈ ದೈತ್ಯನೂ ಒಂದೇ ಜಾತಿ! 2018ರಲ್ಲಿ ಇದು ಪ್ರಕಟವಾಯಿತು. ಮರಿಯನ್ನು ಕಂಡವರು ದೊಡ್ಡದನ್ನು ಕಂಡಿರಲಿಲ್ಲ, ದೊಡ್ಡದನ್ನು ಹಿಡಿದವರು ಮರಿಯನ್ನು ಗಮನಿಸಿರಲಿಲ್ಲ.

ಹೆಸರು ಸಿಕ್ಕ ಅದೇ ವರ್ಷ ಅದು ಅಂತರರಾಷ್ಟ್ರೀಯ ಕೆಂಪು ಪಟ್ಟಿಗೆ ಸೇರಿತು, ಅಳಿವಿನ ಅತಿ ಹತ್ತಿರದ ಸಾಲಿನಲ್ಲಿ. ಮೋಯಾರಿನ ಮೇಲ್ಗಡೆ ನೀಲಗಿರಿಯ ವಿದ್ಯುತ್ ಯೋಜನೆಗಳು, ಕೆಳಗಡೆ ಭವಾನಿಸಾಗರದ ಅಣೆಕಟ್ಟು. ನಡುವೆ ಕಾಡಿನ ಕಣಿವೆಯಲ್ಲಿ ಹರಿಯುವ ಹೊಳೆಯೇ ಅದಕ್ಕೆ ಉಳಿದಿರುವ ದೊಡ್ಡ ಆಸರೆ.