ಬೆಲೆಪಟ್ಟಿಯಲ್ಲಿ ಕಾಣದ ಬೆಲೆ

ಹೊರದೇಶದಿಂದ ಒಂದು ಎಲೆಕ್ಟ್ರಾನಿಕ್ ಯಂತ್ರವನ್ನು ತರಿಸಿಕೊಂಡರೆ ಅದಕ್ಕೆ ತಗಲುವ ವೆಚ್ಚ ಎಷ್ಟು? ಮಾರುವವನು ಹೇಳಿದ ಬೆಲೆ, ಹಡಗಿನ ಬಾಡಿಗೆ, ವಿಮೆ, ಸುಂಕ, ಇಷ್ಟನ್ನು ಕೂಡಿದರೆ ಲೆಕ್ಕ ಮುಗಿಯಿತೆಂದು ನಿಮಗೆ ಅನ್ನಿಸಬಹುದು. ಭಾರತಕ್ಕೆ ಗಣಕಯಂತ್ರಗಳು ಬಂದ ಚರಿತ್ರೆಯನ್ನು ನೋಡಿದರೆ, ಲೆಕ್ಕ ನಿಜವಾಗಿ ಶುರುವಾಗುವುದೇ ಅಲ್ಲಿಂದ.

1955ರಲ್ಲಿ ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಇಂಗ್ಲೆಂಡಿನಿಂದ ಎಚ್‌ಇಸಿ-2ಎಂ ಎಂಬ ಗಣಕ ಬಂತು. ಸಂಸ್ಥೆಯ ಮುಖ್ಯಸ್ಥರು ಪ್ರೊ. ಪ್ರಶಾಂತಚಂದ್ರ ಮಹಲನೋಬಿಸ್. ಬೆಲೆ ಸುಮಾರು 2 ಲಕ್ಷ ರೂಪಾಯಿ. ಒಂದು ಸಣ್ಣ ಕೋಣೆಯಷ್ಟು ಜಾಗ ಹಿಡಿಯುತ್ತಿದ್ದ ಆ ಯಂತ್ರ ನೆನಪಿನಲ್ಲಿಟ್ಟುಕೊಳ್ಳಬಲ್ಲದಾಗಿದ್ದುದು 1024 ಪದಗಳನ್ನು ಮಾತ್ರ. ಇಂದಿನ ಮೊಬೈಲಿನ ಒಂದು ಸಾಧಾರಣ ಫೋಟೋಗೂ ಆ ಜಾಗ ಸಾಲದು. ಮಹಲನೋಬಿಸರು ಯಂತ್ರಕ್ಕೆ ಹಣ ಕಟ್ಟಿ ಸುಮ್ಮನೆ ಕೂಡಲಿಲ್ಲ. ಇಬ್ಬರು ಎಂಜಿನಿಯರುಗಳನ್ನು ಮೊದಲೇ ಇಂಗ್ಲೆಂಡಿಗೆ ಕಳುಹಿಸಿ, ಅದರ ಒಳಹೊರಗನ್ನು ಕಲಿಸಿ ಕರೆಸಿಕೊಂಡರು. ಯಂತ್ರ ಕೆಟ್ಟರೆ ಸಮುದ್ರದಾಚೆಯ ತಜ್ಞನಿಗೆ ಕಾಗದ ಬರೆದು ಕಾಯುವುದು ಎಷ್ಟು ದುಬಾರಿ ಎಂಬುದು ಅವರಿಗೆ ಗೊತ್ತಿತ್ತು.

ಎಲ್ಲರಿಗೂ ಆ ಮುಂದಾಲೋಚನೆ ಇರಲಿಲ್ಲ. ಇದ್ದರೂ ಕೆಲವು ಸಂಗತಿಗಳು ಕೊಳ್ಳುವವನ ಕೈಯಲ್ಲಿರುವುದಿಲ್ಲ. 1966ರ ಜೂನ್ 6ರಂದು ಸರ್ಕಾರ ರೂಪಾಯಿಯ ಅಪಮೌಲ್ಯ ಮಾಡಿತು. ಅದುವರೆಗೆ ಒಂದು ಡಾಲರಿಗೆ 4 ರೂಪಾಯಿ 76 ಪೈಸೆ ಕೊಡಬೇಕಾಗಿತ್ತು, ಆಮೇಲೆ 7 ರೂಪಾಯಿ 50 ಪೈಸೆ. ನೀವೇ ಗುಣಿಸಿ ನೋಡಿ. 10,000 ಡಾಲರಿನ ಉಪಕರಣಕ್ಕೆ 47,600 ರೂಪಾಯಿ ಎತ್ತಿಟ್ಟಿದ್ದ ಕಾಲೇಜೊಂದು ಈಗ 75,000 ರೂಪಾಯಿ ಹೊಂದಿಸಬೇಕು. ಅಮೆರಿಕದ ಕಾರ್ಖಾನೆಯಲ್ಲಿ ಬೆಲೆ ಒಂದು ಸೆಂಟೂ ಏರಿಲ್ಲ. ಸುಂಕವನ್ನು ಬೆಲೆಯ ಶೇಕಡಾವಾರು ವಿಧಿಸುವುದರಿಂದ, ದರ ಬದಲಾಗದಿದ್ದರೂ ಸುಂಕದ ಮೊತ್ತ ರೂಪಾಯಿಯಲ್ಲಿ ಏರುತ್ತದೆ. ಯಂತ್ರ ಈಗಾಗಲೇ ಬಂದಿದೆ, ನಮಗೇನು ಚಿಂತೆ ಎನ್ನುವವರಿಗೂ ಬಿಡುಗಡೆ ಇಲ್ಲ. ಬಿಡಿಭಾಗಗಳಿಗೆ ಡಾಲರ್ ಬೇಕಲ್ಲ!

ಈ ಸಂಕಟವನ್ನು ಮೊದಲೇ ಕಂಡವರು ಹೋಮಿ ಭಾಭಾ. 1962ರ ಚೀನಾ ಯುದ್ಧದ ಮರುವರ್ಷ ಅವರ ಅಧ್ಯಕ್ಷತೆಯಲ್ಲಿ ಎಲೆಕ್ಟ್ರಾನಿಕ್ಸ್ ಸಮಿತಿ ನೇಮಕವಾಯಿತು. ಅದರ ವರದಿ 1966ರಲ್ಲಿ ಹೊರಬರುವ ವೇಳೆಗೆ ಭಾಭಾ ವಿಮಾನ ದುರಂತದಲ್ಲಿ ತೀರಿಕೊಂಡಿದ್ದರು. ದೇಶ ತನಗೆ ಬೇಕಾದ ಎಲೆಕ್ಟ್ರಾನಿಕ್ ಸಾಧನಗಳನ್ನು ತಾನೇ ತಯಾರಿಸಿಕೊಳ್ಳಬೇಕು ಎಂಬುದು ವರದಿಯ ಸಾರ. ನಮ್ಮ ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲೇ ಸ್ಥಾಪನೆಯಾಗಿದ್ದ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರೇಡಿಯೊ ವಾಲ್ವುಗಳನ್ನು ತಯಾರಿಸತೊಡಗಿತ್ತು. 1967ರಲ್ಲಿ ಹೈದರಾಬಾದಿನಲ್ಲಿ ಇಸಿಐಎಲ್ ಹುಟ್ಟಿತು.

ಆ ವರ್ಷಗಳಲ್ಲಿ ನಮ್ಮ ಕಚೇರಿಗಳಲ್ಲಿ ಹೆಚ್ಚಾಗಿ ಕಾಣುತ್ತಿದ್ದುದು ಅಮೆರಿಕದ ಐಬಿಎಂ ಕಂಪನಿಯ 1401 ಯಂತ್ರ. ಅದನ್ನು ಮಾರುತ್ತಿದ್ದುದಕ್ಕಿಂತ ಬಾಡಿಗೆಗೆ ಕೊಡುತ್ತಿದ್ದುದೇ ಹೆಚ್ಚು. ಬೇರೆ ದೇಶಗಳಲ್ಲಿ ಬಳಸಿ ಬಿಟ್ಟ ಯಂತ್ರಗಳನ್ನು ದುರಸ್ತಿ ಮಾಡಿ ಇಲ್ಲಿ ಬಾಡಿಗೆಗೆ ಇಡುತ್ತಾರೆಂಬ ಆಕ್ಷೇಪ 1970ರ ದಶಕದಲ್ಲಿ ಸಂಸತ್ತಿನ ಲೆಕ್ಕಪತ್ರ ಸಮಿತಿಯವರೆಗೂ ಹೋಯಿತು. ಆಕ್ಷೇಪದಲ್ಲಿ ಹುರುಳಿತ್ತು. ಆದರೆ ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. 1963ರಲ್ಲಿ ಕಾನ್ಪುರದ ಐಐಟಿಗೆ ಬಂದದ್ದು ಅದೇ ಕಂಪನಿಯ 1620 ಯಂತ್ರ, ಅದರ ಮುಂದೆ ಕೂತು ಪ್ರೋಗ್ರಾಮಿಂಗ್ ಕಲಿತವರು ಮುಂದೆ ನೂರಾರು ಜನಕ್ಕೆ ಕಲಿಸಿದರು. ಭಾರತದ ಶಾಖೆಯಲ್ಲಿ ತನ್ನ ಷೇರನ್ನು ಶೇಕಡಾ 40ಕ್ಕೆ ಇಳಿಸಲು ಒಪ್ಪದ ಐಬಿಎಂ 1978ರಲ್ಲಿ ದೇಶ ಬಿಟ್ಟಿತು. ಉಳಿದುಹೋದ ಯಂತ್ರಗಳನ್ನು ನೋಡಿಕೊಳ್ಳುವವರು ಯಾರು? ಆ ಹೊಣೆ ಕಂಪ್ಯೂಟರ್ ಮೇಂಟೆನೆನ್ಸ್ ಕಾರ್ಪೊರೇಷನ್ ಎಂಬ ಸರ್ಕಾರಿ ಸಂಸ್ಥೆಯ ಹೆಗಲೇರಿತು.

ಹಾಗೆಂದು ಬಾಗಿಲು ಮುಚ್ಚಿಕೊಂಡರೆ ಎಲ್ಲ ಸರಿಹೋಯಿತೇ? ಇಲ್ಲ. ಭಾರಿ ಸುಂಕ ಮತ್ತು ಪರವಾನಗಿಯ ಗೋಡೆಯೊಳಗೆ ಯಂತ್ರಗಳು ದುಬಾರಿಯಾದವು, ಅನುಮತಿ ಕೈಸೇರುವಷ್ಟರಲ್ಲಿ ಹಳತೂ ಆಗಿರುತ್ತಿದ್ದವು. 1984ರ ನವೆಂಬರಿನ ಗಣಕ ನೀತಿ ಈ ಗೋಡೆಯನ್ನು ತಕ್ಕಮಟ್ಟಿಗೆ ತಗ್ಗಿಸಿತು. ಸ್ವಂತ ತಯಾರಿಕೆಗೂ ಅಪಾಯ ತಪ್ಪಿದ್ದಲ್ಲ. ಮೊಹಾಲಿಯಲ್ಲಿದ್ದ ನಮ್ಮ ಚಿಪ್ ಕಾರ್ಖಾನೆ 1989ರ ಫೆಬ್ರವರಿಯಲ್ಲಿ ಬೆಂಕಿಗೆ ಸಿಕ್ಕಿತು.

ಹಣವಿದ್ದರೂ ಸಿಗದ ಸರಕೂ ಉಂಟು. 1980ರ ದಶಕದಲ್ಲಿ ಮಳೆಯ ಮುನ್ಸೂಚನೆಗಾಗಿ ಭಾರತ ಅಮೆರಿಕದಿಂದ ಕ್ರೇ ಮಹಾಗಣಕವನ್ನು ಕೇಳಿತು. ಅಣ್ವಸ್ತ್ರ, ಕ್ಷಿಪಣಿಗಳ ಲೆಕ್ಕಕ್ಕೂ ಇದೇ ಯಂತ್ರ ಒದಗುತ್ತದೆ ಎಂಬುದು ಅಮೆರಿಕದ ಅನುಮಾನ. ಬಹಳ ಮಾತುಕತೆಯ ನಂತರ ಕೇಳಿದ್ದಕ್ಕಿಂತ ಕಡಿಮೆ ಶಕ್ತಿಯ ಎಕ್ಸ್-ಎಂಪಿ/14 ದೆಹಲಿಗೆ ಬಂತು. ಹವಾಮಾನದ ಕೆಲಸ ಬಿಟ್ಟು ಬೇರೆಯದಕ್ಕೆ ಮುಟ್ಟಬಾರದು, ಬಳಕೆಯ ಮೇಲೆ ನಿಗಾ ಇರುತ್ತದೆ ಎಂಬ ಷರತ್ತುಗಳೂ ಜೊತೆಗೇ ಬಂದವು. ದುಡ್ಡು ನಮ್ಮದು, ಕೋಣೆ ನಮ್ಮದು, ಯಂತ್ರಕ್ಕೆ ಯಾವ ಲೆಕ್ಕ ಕೊಡಬೇಕೆಂಬ ಸ್ವಾತಂತ್ರ್ಯ ಮಾತ್ರ ನಮ್ಮದಲ್ಲ. ಇದನ್ನು ಯಾವ ಬೆಲೆಪಟ್ಟಿಯಲ್ಲಿ ಬರೆಯುತ್ತೀರಿ?

ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ ವಿಜ್ಞಾನಿಗಳು 1986ರಲ್ಲೇ ಸಣ್ಣ ಸಂಸ್ಕಾರಕಗಳನ್ನು ಜೋಡಿಸಿ, ಒಟ್ಟಿಗೆ ದುಡಿಯುವಂತೆ ಮಾಡಿ 'ಫ್ಲೋಸಾಲ್ವರ್' ಕಟ್ಟಿದ್ದರು. ವಿಮಾನದ ಸುತ್ತ ಗಾಳಿ ಹರಿಯುವ ಲೆಕ್ಕಕ್ಕೆ ಹುಟ್ಟಿದ ಅದು ಮುಂದೆ ಹವಾಮಾನಕ್ಕೂ ಬಳಕೆಯಾಯಿತು. 1988ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್ ಸ್ಥಾಪನೆಯಾಗಿ, ವಿಜಯ ಭಟ್ಕರ್ ನೇತೃತ್ವದಲ್ಲಿ 1991ರಲ್ಲಿ 'ಪರಮ್ 8000' ಸಿದ್ಧವಾಯಿತು. ಒಂದೇ ದೈತ್ಯ ಸಂಸ್ಕಾರಕದ ಬದಲು ಹಲವು ಚಿಕ್ಕವು ಕೆಲಸ ಹಂಚಿಕೊಳ್ಳುವುದು ಇವೆರಡರ ಗುಟ್ಟು.

ಇಲ್ಲಿ ಒಂದು ವಿಷಯವನ್ನು ಮರೆಮಾಚಬಾರದು. ಪರಮ್ 8000ರೊಳಗಿದ್ದ ಟ್ರಾನ್ಸ್‌ಪ್ಯೂಟರ್ ಚಿಪ್ಪುಗಳು ಆಮದಾದವೇ, ಬ್ರಿಟನ್ನಿನ ಇನ್ಮಾಸ್ ಕಂಪನಿಯವು. 1989ರಲ್ಲಿ ಆ ಕಂಪನಿ ಬೇರೆಯವರ ಪಾಲಾಯಿತು. ಟ್ರಾನ್ಸ್‌ಪ್ಯೂಟರಿನ ಮುಂದಿನ ಪೀಳಿಗೆ ತಡವಾಗುತ್ತಲೇ ಹೋಯಿತು. ಆದರೂ ಪುಣೆಯವರ ಕೆಲಸ ನಿಲ್ಲಲಿಲ್ಲ. ಚಿಪ್ಪುಗಳನ್ನು ಹೆಣೆಯುವ ವಿನ್ಯಾಸ, ಕೆಲಸ ಹಂಚುವ ತಂತ್ರಾಂಶ ಅವರದೇ ಆಗಿತ್ತು. 'ಪರಮ್ 8600'ರಲ್ಲಿ ಇಂಟೆಲ್‌ನ ಚಿಪ್ ಸೇರಿಸಿದರು, 1994ರ 'ಪರಮ್ 9000'ರಲ್ಲಿ ಸೂಪರ್‌ಸ್ಪಾರ್ಕ್ ಚಿಪ್ ಕೂರಿಸಿದರು.