ಬಾಚಣಿಗೆಯ ಹಲ್ಲುಗಳು

ಭೂಕಂಪ ಅಂದ ಕೂಡಲೇ ನಾವು ಕೇಳೋದು ಎಷ್ಟು ಜನ ಸತ್ತರು, ಎಷ್ಟು ಮನೆ ಬಿತ್ತು ಅಂತ. ರಸ್ತೆ ಏನಾಯ್ತು ಅಂತ ಕೇಳೋದು ಕಡಿಮೆ. ಆದರೆ ಸಿಕ್ಕಿಬಿದ್ದವರ ಹತ್ತಿರ ಆಂಬುಲೆನ್ಸ್ ಹೋಗಬೇಕಾದರೆ ದಾರಿ ಬೇಕಲ್ಲ? ಜಪಾನ್ ಇದನ್ನು ಕಲಿತ ಕಥೆ ಕೇಳಿ.

1995ರ ಜನವರಿ 17, ಬೆಳಗಿನ ಜಾವ 5.46. ಕೋಬೆ ಸುತ್ತಮುತ್ತ ಭೂಮಿ ನಡುಗಿತು. ಸತ್ತವರು 6,434 ಮಂದಿ. ಹನ್ಶಿನ್ ಎಕ್ಸ್‌ಪ್ರೆಸ್‌ವೇಯ ಮೇಲ್ಸೇತುವೆ 600 ಮೀಟರಿಗೂ ಹೆಚ್ಚು ಉದ್ದಕ್ಕೆ ಪಕ್ಕಕ್ಕೆ ಮಗುಚಿಕೊಂಡಿತು. ಉಳಿದ ರಸ್ತೆಗಳ ತುಂಬ ಕಾರುಗಳು... ನೆಂಟರನ್ನು ಹುಡುಕಿಕೊಂಡು ಹೊರಟವರು, ಊರು ಬಿಟ್ಟು ಹೊರಟವರು. ಅವರದ್ದು ತಪ್ಪು ಅನ್ನೋಕಾಗುತ್ತಾ? ಆದರೆ ಅಗ್ನಿಶಾಮಕದವರೂ ಆಂಬುಲೆನ್ಸುಗಳೂ ಅದೇ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವು.

ಆಮೇಲೆ ಅದೇ ವರ್ಷ ಕಾನೂನು ತಿದ್ದಿದರು. ಆಸ್ಪತ್ರೆ, ಬಂದರು, ವಿಮಾನ ನಿಲ್ದಾಣ, ಆಡಳಿತ ಕಚೇರಿಗಳನ್ನು ಜೋಡಿಸುವ ರಸ್ತೆಗಳನ್ನು 'ತುರ್ತು ಸಾಗಾಟದ ರಸ್ತೆ' ಅಂತ ಮೊದಲೇ ಗುರುತಿಸಿಟ್ಟರು. ಸೇತುವೆಗಳ ಕಂಬಗಳನ್ನು ಬಲಪಡಿಸುತ್ತಾ ಬಂದರು.

ಪರೀಕ್ಷೆ ಬಂದದ್ದು 16 ವರ್ಷದ ನಂತರ, 2011ರ ಮಾರ್ಚ್ 11ರಂದು. ಸುನಾಮಿ ತೊಹೊಕು ಕರಾವಳಿಯನ್ನೇ ಗುಡಿಸಿ ಹಾಕಿತು. ಕರಾವಳಿಗುಂಟ ಹೋಗುವ 45ನೇ ನಂಬರಿನ ಹೆದ್ದಾರಿ ಅಲ್ಲಲ್ಲಿ ತುಂಡಾಯ್ತು. ಎಂಜಿನಿಯರುಗಳು ಅದನ್ನು ಮೊದಲು ಮುಟ್ಟಲೇ ಇಲ್ಲ! ಒಳನಾಡಿನಲ್ಲಿ ಉತ್ತರ-ದಕ್ಷಿಣ ಹೋಗುವ ಎಕ್ಸ್‌ಪ್ರೆಸ್‌ವೇ ಮತ್ತು 4ನೇ ಹೆದ್ದಾರಿಯನ್ನು ಬಾಚಣಿಗೆಯ ಬೆನ್ನು ಅಂದುಕೊಂಡರು. ಅಲ್ಲಿಂದ ಕಡಲಿಗೆ ಇಳಿಯುವ 16 ರಸ್ತೆಗಳು ಹಲ್ಲುಗಳು. ಮೊದಲು ಬೆನ್ನು, ಆಮೇಲೆ ಹಲ್ಲು, ಕೊನೆಗೆ ಕರಾವಳಿ. ರಿಪೇರಿ ಅಲ್ಲ, ಗಾಡಿ ದಾಟುವಷ್ಟು ದಾರಿ ಬಿಡಿಸಿದರೆ ಸಾಕು ಅನ್ನೋದು ನಿಯಮ. ಹಾಗಂತ ಬುಲ್ಡೋಜರ್ ನುಗ್ಗಿಸುವ ಹಾಗೂ ಇರಲಿಲ್ಲ, ಆ ರಾಶಿಯೊಳಗೆ ಮನುಷ್ಯರಿದ್ದರು.

ಮಾರನೇ ದಿನವೇ 11 ಹಲ್ಲು ತೆರೆದವು, 15ನೇ ತಾರೀಖಿಗೆ 15. ಕೆಲಸಕ್ಕಿಳಿದವರಲ್ಲಿ ಸ್ಥಳೀಯ ಕಂಟ್ರಾಕ್ಟರುಗಳ ಜನ, ಸೈನಿಕರು ಎಲ್ಲಾ ಇದ್ದರು. ನಡುಕಕ್ಕೆ ಬಲಪಡಿಸಿದ ಸೇತುವೆಗಳು ಬಹುಪಾಲು ನಿಂತಿದ್ದವು, ಅದಕ್ಕೇ ಇದು ಸಾಧ್ಯವಾಯ್ತು. ಒಂದು ದಿನದ ಆ ವೇಗದ ಹಿಂದೆ 16 ವರ್ಷದ ತಯಾರಿ ಇತ್ತು.

ಇಷ್ಟೆಲ್ಲಾ ಇದ್ದೂ 2024ರ ಜನವರಿ 1ರಂದು ನೋಟೊ ಭೂಕಂಪವಾದಾಗ ಎಷ್ಟೋ ಹಳ್ಳಿಗಳು ದಿನಗಟ್ಟಲೆ ಒಂಟಿಯಾದವು. ಅದು ಗುಡ್ಡಗಾಡಿನ ಪರ್ಯಾಯ ದ್ವೀಪ, ಇದ್ದದ್ದೇ ಬೆರಳೆಣಿಕೆಯ ದಾರಿ, ಅವೂ ಕುಸಿದವು. ಬೆನ್ನೇ ಮುರಿದರೆ ಹಲ್ಲು ಏನು ಮಾಡೀತು? ಯಾವ ದಾರಿ ಮೊದಲು ಅಂತ ಬರೆದಿಡೋದರ ಜೊತೆಗೆ, ಎರಡನೇ ದಾರಿಯನ್ನೂ ಕಟ್ಟಿರಬೇಕು. ನೀವೇನಂತೀರಿ?