ಕುಳಿತು ಆಡುವ ಆಟ

ಕನ್ನಡದಲ್ಲಿ ‘ಆಟ’ ಎಂಬ ಮಾತು ಪಗಡೆಗೂ ಸಲ್ಲುತ್ತದೆ, ಬಯಲಾಟಕ್ಕೂ ಸಲ್ಲುತ್ತದೆ. ದಾಳ ಉರುಳಿಸಿ ಕಾಯಿ ನಡೆಸುವವನೂ ಆಡುತ್ತಾನೆ; ಕಿರೀಟ ಕಟ್ಟಿ ರಂಗಕ್ಕೆ ಬರುವವನೂ ಆಡುತ್ತಾನೆ. ಈ ಎರಡು ಅರ್ಥಗಳು ಒಂದೆಡೆ ಕೂಡುವುದುಂಟೇ ಎಂಬ ಪ್ರಶ್ನೆ ನನಗೆ ಎದುರಾದದ್ದು ಕೆಲವು ವರ್ಷಗಳ ಹಿಂದೆ, ಬೆಂಗಳೂರಿನಲ್ಲಿರುವ ನನ್ನ ಮಗನ ಮನೆಯಲ್ಲಿ. ಅಂದು ಭಾನುವಾರ. ಊಟದ ಮೇಜಿನ ಸುತ್ತ ಐದು ಮಂದಿ ತರುಣ ತರುಣಿಯರು ಕುಳಿತಿದ್ದರು. ಒಬ್ಬನು ಕಥೆಯನ್ನು ನಡೆಸುತ್ತಿದ್ದ. ಉಳಿದವರು ಒಂದೊಂದು ಪಾತ್ರವಾಗಿ ಅವನಿಗೆ ಮಾತು ಕೊಡುತ್ತಿದ್ದರು. ಕೋಟೆಯ ಬಾಗಿಲನ್ನು ಮುರಿಯುವುದೋ, ಕಾವಲುಗಾರನಿಗೆ ಸುಳ್ಳು ಹೇಳಿ ಒಳಹೋಗುವುದೋ ಎಂದು ವಾದ. ಫಲ ಸಂದೇಹವಾದಾಗ ಇಪ್ಪತ್ತು ಮುಖದ ದಾಳವೊಂದು ಉರುಳುತ್ತಿತ್ತು. ನಾಲ್ಕು ಗಂಟೆಯ ಕಾಲ ಯಾರೂ ಕುರ್ಚಿ ಬಿಟ್ಟು ಏಳಲಿಲ್ಲ.

“ಇದು ಅಮೆರಿಕದ ಆಟ ಅಪ್ಪ, ನಿಮಗೆ ಹೊಸದು” ಎಂದ ಮಗ. ನನಗೆ ಹೊಸದೆನಿಸಲಿಲ್ಲ. ಹನ್ನೆರಡು ವರ್ಷ ಮಳೆಗಾಲದ ರಾತ್ರಿಗಳಲ್ಲಿ ನಾನು ಆಡಿದ್ದು ಹೆಚ್ಚು ಕಡಿಮೆ ಅದನ್ನೇ.

ನಾನು ಹುಟ್ಟಿದ್ದು ಶ್ರೀನಿವಾಸಪುರ ತಾಲ್ಲೂಕಿನಲ್ಲಾದರೂ ಎಂ.ಎ. ಮುಗಿಸಿ ಮೊದಲು ಕೆಲಸಕ್ಕೆ ಸೇರಿದ್ದು ಕರಾವಳಿಯ ಒಂದು ಕಾಲೇಜಿನಲ್ಲಿ, 1984ರಲ್ಲಿ. ಅಲ್ಲಿ ಯಕ್ಷಗಾನ ಬಯಲಾಟಕ್ಕೆ ‘ಆಟ’ ಎಂದೂ ತಾಳಮದ್ದಲೆಗೆ ‘ಕೂಟ’ ಎಂದೂ ಹೆಸರು. ಪತ್ತನಾಜೆಯ ಹೊತ್ತಿಗೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಮಳೆ ಹಿಡಿಯುತ್ತದೆ, ಆಗ ಮನೆಯ ಚಾವಡಿಯಲ್ಲಿ, ಗುಡಿಯ ಅಂಗಳದಲ್ಲಿ ಕೂಟ ಸೇರುತ್ತದೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗ ಪುಸ್ತಕದಿಂದ ಒಂದು ಪದ್ಯವನ್ನು ಹಾಡುತ್ತಾರೆ, ಮದ್ದಲೆ ನಿಲ್ಲುತ್ತದೆ, ರಾಮನೋ ವಾಲಿಯೋ ಆದವನು ಕುಳಿತಲ್ಲಿಂದಲೇ ಆ ಪದ್ಯಕ್ಕೆ ‘ಅರ್ಥ’ ಹೇಳುತ್ತಾನೆ. ಎದುರಿನವನು ಅದಕ್ಕೆ ಉತ್ತರ ಕೊಡುತ್ತಾನೆ. ಮುಂಚಿತವಾಗಿ ಬರೆದ ಮಾತು ಒಂದೂ ಇಲ್ಲ. ಅಧ್ಯಾಪಕರು, ವಕೀಲರು, ಅಡಕೆ ತೋಟದವರು ಎಲ್ಲರೂ ಅರ್ಥ ಹೇಳುವವರೇ. ಅವರನ್ನು ಅಲ್ಲಿ ‘ಹವ್ಯಾಸಿ’ ಎನ್ನುತ್ತಾರೆ. ನಾನೂ ಒಬ್ಬ ಹವ್ಯಾಸಿಯಾದೆ. ಸುಗ್ರೀವನಿಂದ ಆರಂಭಿಸಿ, ಬಹಳ ತಡವಾಗಿ, ರಾಮನವರೆಗೆ ಬಂದೆ.

ವಾಲಿಯ ಕಥೆ ಎಲ್ಲರಿಗೂ ಗೊತ್ತು. ಅವನು ಬಾಣ ತಿಂದು ಸಾಯಲೇಬೇಕು. ಆದರೆ ಸಾಯುವ ಮುನ್ನ ಅವನು ಕೇಳುವ ಪ್ರಶ್ನೆಗಳಿಗೆ ರಾಮನು ಉತ್ತರ ಕೊಡಬಲ್ಲನೇ ಇಲ್ಲವೇ ಎಂಬುದು ಆ ರಾತ್ರಿಯ ಸಂಗತಿ. ಮರೆಯಲ್ಲಿ ನಿಂತು ಏಕೆ ಹೊಡೆದೆ? ಸೀತೆಯನ್ನು ತರಿಸಿಕೊಡು ಎಂದು ನನ್ನನ್ನೇ ಕೇಳಬಹುದಾಗಿತ್ತಲ್ಲ? ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿಯಾಗಿ ಕುಳಿತರೆಂದರೆ ರಾಮನ ಅರ್ಥ ಹೇಳುವವನ ಗಂಟಲು ಮೊದಲೇ ಒಣಗುತ್ತಿತ್ತು. ನನ್ನ ಮಗನ ಆಟದಲ್ಲಿ ಕಥೆಯ ಕೊನೆ ಯಾರಿಗೂ ಗೊತ್ತಿಲ್ಲ, ದಾಳ ನಿರ್ಣಯಿಸುತ್ತದೆ. ಕೂಟದಲ್ಲಿ ಕೊನೆ ಎಲ್ಲರಿಗೂ ಗೊತ್ತು. ದಾಳದ ಸ್ಥಾನದಲ್ಲಿರುವುದು ಎದುರಾಳಿಯ ನಾಲಗೆ. ಇವೆರಡರಲ್ಲಿ ಹೆಚ್ಚು ಕಠಿಣವಾದದ್ದು ನಮ್ಮದೆಂದೇ ನನ್ನ ಅಭಿಪ್ರಾಯ, ಮಗ ಒಪ್ಪುವುದಿಲ್ಲ.

ಈ ಕಲೆಯನ್ನು ಕರಾವಳಿಯ ಸೊತ್ತೆಂದೇ ನಾವು ಭಾವಿಸುತ್ತೇವೆ. ಆದರೆ ತಾಳಮದ್ದಲೆಯ ಹೆಸರು ಹೇಳುವ ಹಳೆಯ ಶಾಸನ ದೊರೆತಿರುವುದು ಬಳ್ಳಾರಿ ಸೀಮೆಯ ಕುರುಗೋಡಿನ ಕಡೆ, ಸೋಮಸಮುದ್ರದ ಲಕ್ಷ್ಮೀನಾರಾಯಣ ದೇವಾಲಯದಲ್ಲಿ. 1556ರ ಆ ಶಾಸನ ತಾಳಮದ್ದಲೆಯ ಸೇವೆಗಾಗಿ ಭೂಮಿ ಬಿಟ್ಟುದನ್ನು ತಿಳಿಸುತ್ತದೆ. ಅಂದರೆ ಬಯಲುಸೀಮೆಯವರಿಗೂ ಇದು ಅಪರಿಚಿತವಾಗಿರಲಿಲ್ಲ. ಅಲ್ಲಿ ಉಳಿದು ಇಲ್ಲಿ ಏಕೆ ಉಳಿಯಲಿಲ್ಲ? ಕಾರಣಗಳು ಹಲವಿರಬಹುದು. ನನಗೆ ಮುಖ್ಯವಾಗಿ ಕಾಣುವುದು ಪುಸ್ತಕದ ಸಂಗತಿ.

ಕರಾವಳಿಯಲ್ಲಿ ಪ್ರಸಂಗಗಳು ತಾಳೆಗರಿಯಿಂದ ಅಚ್ಚಿಗೆ ಬಂದವು. ಉಡುಪಿಯ ಪಾವಂಜೆ ಗುರುರಾವ್ ಅವರ ಪ್ರಕಾಶನ ಅನೇಕ ಪ್ರಸಂಗಗಳನ್ನು ಅಗ್ಗದ ಪುಸ್ತಿಕೆಗಳಾಗಿ ಹೊರತಂದಿತು. ‘ರಾಮಾಶ್ವಮೇಧ’ದ ಮುದ್ದಣನೇ (1870–1901) ‘ರತ್ನಾವತೀ ಕಲ್ಯಾಣ’, ‘ಕುಮಾರ ವಿಜಯ’ ಎಂಬ ಪ್ರಸಂಗಗಳನ್ನು ಬರೆದವನು. ತೆಳುವಾದ ಕಾಗದ, ಸಣ್ಣ ಅಕ್ಷರ. ಅಂಗಿಯ ಜೇಬಿನಲ್ಲಿ ಹಿಡಿಸುವ ಗಾತ್ರ. ಅದರಲ್ಲಿ ಇರುವುದು ಪದ್ಯ ಮಾತ್ರ, ಮಾತು ಇಲ್ಲ. ಪುಸ್ತಕವನ್ನು ಕೊಂಡವನು ಮಾತನ್ನು ತಾನೇ ತರಬೇಕು. ಹಾಡಲು ಯಾವ ಊರಿನ ಕೂಟದವರೂ ಯಾರ ಅಪ್ಪಣೆಯನ್ನೂ ಕೇಳಬೇಕಾಗಿರಲಿಲ್ಲ.

ಅಮೆರಿಕದ ಆ ಆಟದ ಕಥೆಯೂ ಪುಸ್ತಿಕೆಯಿಂದಲೇ ತೊಡಗುತ್ತದೆ. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಹೆಸರಿನಲ್ಲಿ ಮೂರು ಸಣ್ಣ ಪುಸ್ತಿಕೆಗಳನ್ನು ಒಂದು ಪೆಟ್ಟಿಗೆಯಲ್ಲಿಟ್ಟು ಮಾರಿದರು. ಮೊದಲ ಮುದ್ರಣ 1000 ಪ್ರತಿ, ಬೆಲೆ 10 ಡಾಲರ್. ದೊಡ್ಡ ಪ್ರಕಾಶಕರ ಕೈಗೆ ಹೋಗದೆ ಗೈಗ್ಯಾಕ್ಸ್ ಕಟ್ಟಿಕೊಂಡ ಕಂಪನಿಯೇ ಅಚ್ಚು ಹಾಕಿಸಿದ್ದು. ಮುಂದೆ 1997ರಲ್ಲಿ ಆ ಕಂಪನಿಯನ್ನು ಇನ್ನೊಂದು ಕಂಪನಿ ಕೊಂಡಿತು. ಅದನ್ನು 1999ರಲ್ಲಿ ಹ್ಯಾಸ್‌ಬ್ರೋ ಎಂಬ ಆಟಿಕೆಯ ದೊಡ್ಡ ಕಂಪನಿ ಕೊಂಡಿತು. ಆಟದ ನಿಯಮಗಳನ್ನು ಬಳಸಿ ಹೊರಗಿನವರೂ ಪುಸ್ತಕ ಬರೆಯಬಹುದೆಂದು 2000ದಲ್ಲಿ ಪರವಾನಗಿ ಕೊಟ್ಟಿದ್ದರು. 2023ರ ಜನವರಿಯಲ್ಲಿ ಅದನ್ನು ಬಿಗಿಮಾಡಲು ಹೊರಟಾಗ ಆಟಗಾರರೇ ತಿರುಗಿಬಿದ್ದರು. ಕಂಪನಿ ಹಿಂದೆಗೆದು ಮೂಲ ನಿಯಮಗಳನ್ನು ಎಲ್ಲರ ಬಳಕೆಗೂ ಬಿಟ್ಟುಕೊಟ್ಟಿತು. ಆಡುವವರ ಮಾತಿನ ಮೇಲೆ ಅಚ್ಚು ಹಾಕುವವರಿಗೆ ಎಷ್ಟು ಹಕ್ಕು ಎಂಬ ಪ್ರಶ್ನೆ ಅವರನ್ನು ಈಗ ಕಾಡುತ್ತಿದೆ. ನಮ್ಮ ಹವ್ಯಾಸಿಗಳಿಗೆ ಅಂಥ ಪ್ರಶ್ನೆಯೇ ಹುಟ್ಟಲಿಲ್ಲ.

ಇನ್ನು ನಮ್ಮ ಜಿಲ್ಲೆಯ ಮಾತು. ನಮ್ಮ ಕಡೆ ಮೂಡಲಪಾಯದ ಬಯಲಾಟಕ್ಕೆ ಕೇಳಿಕೆ ಎನ್ನುತ್ತಾರೆ. ಇಲ್ಲಿ ಪದ್ಯದಂತೆ ಮಾತೂ ಹೆಚ್ಚಾಗಿ ಬರೆದದ್ದೇ. ಪಾತ್ರಧಾರಿ ಅದನ್ನು ಬಾಯಿಪಾಠ ಮಾಡಬೇಕು. ಬೆಂಗಳೂರಿನ ಪೇಟೆಯ ಅಂಗಡಿಗಳಲ್ಲಿ ಬಯಲಾಟದ ಪುಸ್ತಕಗಳು ಸಿಗುತ್ತಿದ್ದುದುಂಟು. ಆದರೆ ನಾನು ಬಾಲ್ಯದಲ್ಲಿ ಕಂಡ ಊರುಗಳಲ್ಲಿ ಆಟ ನಡೆಯುತ್ತಿದ್ದುದು ಕೇಳಿಕೆ ಮೇಷ್ಟರ ಕೈಬರಹದ ಪುಸ್ತಕದ ಮೇಲೆ. ನಮ್ಮೂರಿನ ಮೇಷ್ಟರದು ಉದ್ದನೆಯ ಲೆಕ್ಕದ ಪುಸ್ತಕ, ಕೆಂಪು ರಟ್ಟು. ಪದ್ಯಗಳಲ್ಲಿ ಅರ್ಧ ತೆಲುಗು, ಮಾತು ಕನ್ನಡ. ಲಿಪಿ ಮಾತ್ರ ಎರಡಕ್ಕೂ ಕನ್ನಡವೇ. ನಾನು ಎಂ.ಎ. ಮಾಡಿ ಊರಿಗೆ ಬಂದಾಗ ಅದನ್ನು ನನ್ನ ಕೈಗಿಟ್ಟು, “ಓದಿದೋನು ನೀನು, ನಿನ್ನತ್ರ ಇರಲಿ” ಎಂದರು. ಆಗ ನನ್ನ ತಲೆಯ ತುಂಬ ಪಂಪ, ರನ್ನರು. ನಾಲ್ಕು ಹಾಳೆ ತಿರುವಿ ಹಾಕಿ ಕಾಗುಣಿತದ ತಪ್ಪುಗಳನ್ನು ಎಣಿಸಿದೆ. ಮುಂದೊಮ್ಮೆ ಮನೆ ಬದಲಿಸುವಾಗ ಹಳೆಯ ಪತ್ರಿಕೆಗಳ ಜೊತೆ ಅದೂ ರದ್ದಿಯ ತಕ್ಕಡಿಗೆ ಹೋಯಿತು. ಹಾಕಿದವನು ನಾನೇ.

ಕರಾವಳಿಯಲ್ಲಿ ಮಾತನ್ನು ಯಾರೂ ಬರೆದಿಡಲಿಲ್ಲ. ಜನ ಮತ್ತೆ ಮತ್ತೆ ಕೂಡುತ್ತಿದ್ದುದರಿಂದ ಅದು ಉಳಿಯಿತು. ನಮ್ಮಲ್ಲಿ ಬರೆದಿಟ್ಟಿದ್ದರು, ಬರೆದ ಪ್ರತಿ ಒಂದೇ ಒಂದಾದ್ದರಿಂದ ಪುಸ್ತಕದೊಡನೆ ಆಟವೂ ಹೋಯಿತು. ಇದು ನನಗೆ ಹೊಳೆದದ್ದು ಹನ್ನೆರಡು ವರ್ಷ ಅರ್ಥ ಹೇಳಿ ಕೋಲಾರಕ್ಕೆ ಮರಳಿದ ಮೇಲೆ. ಅಷ್ಟರಲ್ಲಿ ಮೇಷ್ಟರು ತೀರಿಕೊಂಡಿದ್ದರು.

ನಿವೃತ್ತನಾದ ಮೇಲೆ ನಮ್ಮ ಕಡೆ ಕೂಟ ಸೇರಿಸುವ ಹುಚ್ಚು ಹಿಡಿಯಿತು. ಬೆಂಗಳೂರಿನಲ್ಲಿ ನೆಲೆಸಿದ ಕರಾವಳಿಯ ಮಿತ್ರರೊಬ್ಬರು ಭಾಗವತರಾಗಿ ಬರಲು ಒಪ್ಪಿದರು. ಕೋಲಾರದಲ್ಲಿ ಅಧ್ಯಾಪಕರು ಬಂದು, ಕೇಳಿ, ಚಪ್ಪಾಳೆ ತಟ್ಟಿ ಹೋದರು. ಮಾಲೂರಿನಲ್ಲಿ ಕೇಳುವವರು ಬಹಳ, ಅರ್ಥ ಹೇಳಲು ಕೂರುವವರು ಯಾರೂ ಇಲ್ಲ. ಮಾಸ್ತಿಯವರ ತಾಲ್ಲೂಕಿನಲ್ಲಿ ಮಾತಿಗೆ ಬರವೇ ಎಂದು ನಾನು ಹಾಸ್ಯ ಮಾಡಿದ್ದನ್ನು ಅಲ್ಲಿಯವರು ಇನ್ನೂ ಮರೆತಿಲ್ಲ. ಶ್ರೀನಿವಾಸಪುರದಲ್ಲಿ, ನನ್ನ ಸ್ವಂತ ತಾಲ್ಲೂಕಿನಲ್ಲಿ, ಮಾಡಬಾರದ ತಪ್ಪು ಮಾಡಿದೆ. ಕರಾವಳಿಯ ರೂಢಿಯಂತೆ ಜೂನ್ ತಿಂಗಳಲ್ಲಿ ಕೂಟ ಇಟ್ಟೆ. ಅದು ಮಾವಿನ ಕಾಲ. ಊರಿಗೆ ಊರೇ ಮಂಡಿಯಲ್ಲಿ ಲಾರಿ ತುಂಬುತ್ತಿತ್ತು. ಕೇಳಲು ಬಂದವರು ಆರು ಮಂದಿ, ಅವರಲ್ಲಿ ಇಬ್ಬರು ಆ ಮನೆಯವರು.

ಫಲ ಕಂಡದ್ದು ಮುಳಬಾಗಿಲು ತಾಲ್ಲೂಕಿನ ಆವನಿಯ ಸಮೀಪ. ಆವನಿ ಕೇಳುಗರಿಗೆ ತಿಳಿದ ಊರೇ. ನೊಳಂಬರ ಕಾಲದ ಗುಡಿಗಳು ಅಲ್ಲಿ ರಾಮ, ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿನಲ್ಲಿವೆ. ಅಲ್ಲಿಯ ಬೆಟ್ಟದ ಮೇಲೆಯೇ ವಾಲ್ಮೀಕಿಯ ಆಶ್ರಮವಿತ್ತು, ಸೀತೆ ಕುಶಲವರನ್ನು ಹೆತ್ತದ್ದು ಅಲ್ಲಿಯೇ ಎಂದು ಜನರ ನಂಬಿಕೆ. ಆದ್ದರಿಂದ ಕುಶಲವರ ಕಾಳಗದ ಪ್ರಸಂಗವನ್ನು ಇಟ್ಟುಕೊಂಡೆವು. ರಾಮನ ಅರ್ಥ ನನ್ನದು. ಕುಶನಿಗೆ ಕುಳಿತವರು ಸ್ಥಳೀಯರಾದ ನಿವೃತ್ತ ಬಸ್ ಕಂಡಕ್ಟರು. ಕೂರುವ ಮುಂಚೆ ನನ್ನ ಕಿವಿಯ ಬಳಿ ಬಂದು, “ತೆಲುಗುಲೋ ಚೆಪ್ಪೊಚ್ಚಾ ಸಾರ್?” ಎಂದರು. ನಾಲಗೆಗೆ ಬಂದ ಭಾಷೆಯಲ್ಲಿ ಹೇಳಿ ಎಂದೆ.

ಯಾಗದ ಕುದುರೆಯನ್ನು ಕಟ್ಟಿದವರು ಯಾರು, ನಿಮ್ಮ ತಂದೆತಾಯಿ ಯಾರು ಎಂದು ನಾನು ಗಂಭೀರವಾಗಿ ಪ್ರಶ್ನಿಸಿದೆ. ಅವರು ತೆಲುಗಿನಲ್ಲಿ ಆರಂಭಿಸಿ ಕನ್ನಡಕ್ಕೆ ಹೊರಳಿ ಹೇಳಿದರು: “ಈ ಬೆಟ್ಟಕ್ಕೆ ನಮ್ಮಮ್ಮ ಬಸುರಿಯಾಗಿ ಒಬ್ಬಳೇ ಹತ್ತಿ ಬಂದ್ಳು. ಆವತ್ತು ನೀನ್ಯಾರು ಅಂತ ಕೇಳೋಕೆ ಯಾವ ರಾಜನೂ ಬರಲಿಲ್ಲ. ಕುದುರೆ ಕಳ್ಕೊಂಡ್ಮೇಲೆ ಬಂದ್ಯಾ?”

ಸಭೆ ನಿಶ್ಶಬ್ದವಾಯಿತು. ನಾನು ಬಾಯಿ ತೆರೆದೆ, ಮಾತು ಬರಲಿಲ್ಲ. ಭಾಗವತರು ನನ್ನ ಮುಖ ನೋಡಿ ಮುಂದಿನ ಪದ್ಯವನ್ನು ಎತ್ತಿಕೊಂಡು ರಾಮನ ಮಾನ ಉಳಿಸಿದರು.

ಮರುದಿನ ಬರೆದುಕೊಳ್ಳೋಣವೆಂದು ಅವರ ಮನೆಗೆ ಹೋಗಿ ಆ ಮಾತನ್ನು ಪೂರ್ತಿಯಾಗಿ ಮತ್ತೊಮ್ಮೆ ಹೇಳಿರೆಂದು ಕೇಳಿದೆ. “ಏನಂದೆ ಅಂತ ನನಗೇ ಗ್ಯಾಪ್ಕ ಇಲ್ಲ ಸಾರ್” ಎಂದು ಅವರು ನಕ್ಕು, ಕಾಫಿ ಕೊಟ್ಟು ಕಳುಹಿಸಿದರು. ಮೇಲೆ ಹೇಳಿದ ಎರಡು ಮೂರು ವಾಕ್ಯ ನನ್ನ ನೆನಪಿನಲ್ಲಿ ಉಳಿದದ್ದು. ಅದರ ಮೊದಲಿಗೆ ತೆಲುಗಿನಲ್ಲಿ ಬಂದದ್ದು ಇದಕ್ಕಿಂತ ಚೆನ್ನಾಗಿತ್ತು, ಅದು ಹೋಯಿತು.

ಈಗ ಕೂಟಕ್ಕೆ ಹೋಗುವಾಗ ಒಂದು ಉದ್ದನೆಯ ಲೆಕ್ಕದ ಪುಸ್ತಕ ನನ್ನ ಚೀಲದಲ್ಲಿರುತ್ತದೆ. ಕೂಟ ಮುಗಿದ ರಾತ್ರಿಯೇ, ಕೇಳಿದ ಮಾತುಗಳಲ್ಲಿ ಕೈಗೆ ಸಿಕ್ಕಷ್ಟನ್ನು ಬರೆದಿಡುತ್ತೇನೆ. ಕನ್ನಡವನ್ನೂ ತೆಲುಗನ್ನೂ ಕನ್ನಡ ಲಿಪಿಯಲ್ಲೇ. ಬರೆದದ್ದರ ಎರಡನೆಯ ಪ್ರತಿ ಮಗನ ಬಳಿ ಇರುತ್ತದೆ. ಮುಂದಿನ ಕೂಟ ಮಾಲೂರಿನಲ್ಲಿ, ರಾಗಿಯ ಕಣ ಮುಗಿದು ಸಂಕ್ರಾಂತಿ ಕಳೆದ ಮೇಲೆ.